ರೀಲು

ನಮ್ಮೂರಲ್ಲಿ ರೀಲು ಅಂದರೆ ರೇಷ್ಮೆ.
ಕುದಿಯೋ ನೀರು, ನೀರಲ್ಲಿ ಗೂಡು,
ಗೂಡಿನ ತುದಿಯೆಳೆ ಹುಡುಕೋ ಬೆರಳು.
ಇನ್ನೊಂದು ಥರದ ರೀಲೂ ಇದೆ ಅಂತ ಗೊತ್ತಾಗಿದ್ದು
ದಲ್ಲಾಳಿ ಪಿಳ್ಳಪ್ಪ ಮಾರ್ಕೆಟ್ಟಿನ ದುಡ್ಡೆಲ್ಲ ಬಾಚಿ
ದೆವ್ವದ ಪಿಕ್ಚರಿಗೆ ಸುರಿದ ವರ್ಷ.

ಶಿಡ್ಲಘಟ್ಟದಲ್ಲಿ ಹಾಳು ಬಂಗಲೆ ಎಲ್ಲಿಂದ ತರೋದು?
ಬಾಗಿಲು ಹಾಕಿದ್ದ ಬಾಬಾಜಾನ್ ಸಾಬರ ಫಿಲೇಚರೇ ಬಂಗಲೆ.
ಜೇಡರ ಬಲೆಗೆ ಗೂಡಿನ ಮೇಲ್ಸುತ್ತಿನ ಬೇಡದ ಎಳೆ,
ಬುರುಡೆಗೆ ಪ್ಲಾಸ್ಟರು, ಪ್ಲಾಸ್ಟರಿಗೆ ಟೀ ಡಿಕಾಕ್ಷನ್ನು,
ರಕ್ತಕ್ಕೆ ಬೆಲ್ಲದ ಪಾಕ, ಕುಂಕುಮ.
ಇರುವೆ ಮುತ್ತಿ, ಬಲಿಯಾದವನು
ಸತ್ತ ಮೇಲೂ ಎರಡು ಸಲ ತೊಡೆ ಕೆರೆದುಕೊಂಡ.
ಅದು ಹಾಗೇ ಉಳಿಯಿತು.
ಮತ್ತೆ ತೆಗೆಯೋಕೆ ಫಿಲಮ್ಮಿಗೆ ದುಡ್ಡಿರಲಿಲ್ಲ.

ಮಾಂತ್ರಿಕ ನಮ್ಮ ಹಾರ್ಮೋನಿಯಂ ದ್ಯಾವಪ್ಪ ಮೇಷ್ಟ್ರು.
ನಿಜವಾದ ಮಂತ್ರ ಹೇಳೋಕೆ ಅವರಿಗೇ ಭಯ.
ಹದಿನೇಳರ ಮಗ್ಗಿ ಹೇಳಿದರು, ತಿರುಗಾಮುರುಗಾ, ತೆಲುಗಲ್ಲಿ.
ನೂರಾ ಎಪ್ಪತ್ತರಿಂದ ಇಳಿಯುತ್ತ ಇಳಿಯುತ್ತ
ನೂರಾ ಎರಡರ ಹತ್ತಿರ ಬೂದಿ ಎರಚಿ ಕಣ್ಣು ಮೇಲೆ ಮಾಡಿದರೆ
ಲೈಟು ಹಿಡಿದಿದ್ದ ಹುಡುಗ ಬೆವೆತುಹೋದ.
ನೂರೆಂಟು ಪ್ರಾಣ ಬೇಕು ತಾಯೀ, ಅಂತ ಡೈಲಾಗು.
ನಾವು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕೆವು.
ಅಷ್ಟು ಹುಳ ನಮಗೆ ಕಾಫಿ ಹೊತ್ತಿನೊಳಗೆ ಆಗುತ್ತೆ.

ನನಗೆ ಪಾರ್ಟಿರಲಿಲ್ಲ. ಊಟದ ಎಲೆ ಎತ್ತುತ್ತಿದ್ದೆ.
ಡೈರೆಕ್ಟರು ತಡೆದರು, ಕೈ ತೋರಿಸು ಅಂದರು,
ಲೈಟಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು,
ಮಾರ್ಕೆಟ್ಟಲ್ಲಿ ಗೂಡಿನ ಗುಣ ನೋಡೋ ಹಾಗೆ.
ಹದಿನಾರು ವರ್ಷ ಬಿಸಿನೀರಲ್ಲಿ ನೆಂದ ಕೈ.
ಬಿಳಿಚಿ, ಸುಕ್ಕಿ, ಉಗುರಿನ ಸುತ್ತ ತೊಗಲು ಬಿಟ್ಟುಕೊಂಡು.
"ಮೇಕಪ್ಪೇ ಬೇಡ" ಅಂದರು,
ದೇವರು ಕಣ್ಣು ಬಿಟ್ಟ ಅನ್ನೋ ದನಿಯಲ್ಲಿ.
ಬಾಣಲೆ ಮುಂದೆ ಕೂತರೆ ದಿನಕ್ಕೆ ಹದಿನೆಂಟು,
ಇಲ್ಲಿ ನಲವತ್ತು.
ದೆವ್ವವಾದೆ, ಮೊಣಕೈವರೆಗೆ.

ಹೆದರಬೇಕಾದವಳು ಪೋಸ್ಟರಲ್ಲಿ ಜ್ವಾಲಾಶ್ರೀ,
ಊಟಕ್ಕೆ ಕೂತಾಗ ಗುಡಿವಾಡದ ಕನಕದುರ್ಗ.
ಕಥೆಯಲ್ಲಿ ಮಳೆಯಿರಲಿಲ್ಲ. ಪಿಳ್ಳಪ್ಪನಿಗೆ ಬೇಕಿತ್ತು.
ಪುರಸಭೆಯ ಟ್ಯಾಂಕರ್ ಬಂತು, ತೆಳ್ಳನೆ ಬಿಳಿ ಸೀರೆ ಬಂತು,
ಮಾರ್ಗಶಿರದ ರಾತ್ರಿ, ಏಳು ಸಲ.
ಪ್ರತಿ ಸಲವೂ ಕ್ಯಾಮೆರಾ ಇನ್ನೊಂದು ಗೇಣು ಹತ್ತಿರ.
ಕೆಲಸವಿಲ್ಲದ ಗಂಡಸರೆಲ್ಲ
ಕೆಲಸವಿದ್ದವರ ಹಾಗೆ ನಿಂತಿದ್ದರು.

ಎಂಟನೆಯ ಸಲ ನನ್ನ ಕೈ,
ಹಿಂದಿನಿಂದ, ಅವಳ ಹೆಗಲ ಮೇಲೆ.
ಅಡುಗೆಯವರ ಒಲೆಯ ನೀರಲ್ಲಿ ಅದ್ದಿಕೊಂಡು ಹೋದೆ.
ಅಭ್ಯಾಸ. ಬಿಸಿ ತಾಕದೆ ಬೆರಳು ಬಗ್ಗೋದಿಲ್ಲ.
ಇಟ್ಟಿದ್ದೇ ತಡ, ಅವಳ ನಡುಕ ನಿಂತಿತು.
ಬೆನ್ನು ನನ್ನ ಕಡೆ ಒಂದಿಷ್ಟು ವಾಲಿತು.
ಬಾಯಿ ತೆರೆದಳು. ಕಿರುಚಲಿಲ್ಲ.
"ತೀಯೊದ್ದಕ್ಕಾ" ಅಂದಳು.
ತೆಗೀಬೇಡ, ಇನ್ನೊಂಚೂರು ಹೊತ್ತು.

ಕಿರುಚಾಟ ಆಮೇಲೆ ಮದ್ರಾಸಲ್ಲಿ ಯಾರೋ ಹಾಕಿದರು.

ನಮ್ಮ ಟೆಂಟಲ್ಲಿ ನಾಲ್ಕು ದಿನ ಓಡಿತು,
ಹೆಸರು ಬದಲಾಯಿಸಿ ಚಿಂತಾಮಣಿಯಲ್ಲಿ ಎರಡು ದಿನ,
ಮತ್ತೂ ಬದಲಾಯಿಸಿ ಆಂಧ್ರದ ಕಡೆ ಎಲ್ಲೋ.
ಡಬ್ಬಿಗಳು ಕೊನೆಗೆ ಗುಜರಿಗೆ ಹೋದವಂತೆ.
ಪಿಳ್ಳಪ್ಪ ಮತ್ತೆ ಗೂಡಿನ ಬುಟ್ಟಿ ಎಣಿಸೋಕೆ ಕೂತ.

ಮೊದಲ ದಿನ ಹೆಂಗಸರ ಕಡೆ ಮರಳ ಮೇಲೆ ಕೂತಿದ್ದೆ,
ಕೈ ಎರಡೂ ಸೆರಗಿನೊಳಗೆ.
ಪರದೆ ಮೇಲೆ ನನ್ನ ಬೆರಳು ಒಂದೊಂದೂ ಆಳುದ್ದ.
ಮುಂದಿದ್ದ ಕೂಸು ಅಮ್ಮನ ಮಡಿಲಿಗೆ ಮುಖ ಹೂತಿತು.
ಪಕ್ಕದವಳು, ಯಾರೋ ಗೊತ್ತಿಲ್ಲದವಳು, ಹೆದರಿ
ಸೆರಗಿನ ಮೇಲಿಂದಲೇ ನನ್ನ ಕೈ ಹಿಡಕೊಂಡಳು,
ಇಂಟರ್ವಲ್ಲಿಗೆ ಲೈಟು ಬರೋವರೆಗೂ ಬಿಡಲಿಲ್ಲ.

ನಾನು ಆ ಹುಡುಗಿಯ ಬಾಯನ್ನೇ ನೋಡುತ್ತಿದ್ದೆ.
ಟೆಂಟು ಹರಿದುಹೋಗೋ ಹಾಗೆ ಕಿರುಚು.
ಸದ್ದು ಒಂದು ಕಡೆ, ತುಟಿ ಇನ್ನೊಂದು ಕಡೆ.
ಹಿಂದೆ ಬೀಡಿ ಸೇದುತ್ತಿದ್ದ ಯಾವನೋ
ಡಬ್ಬಿಂಗು ಸರಿಯಿಲ್ಲ ಕಣ್ರೋ ಅಂತ ನಕ್ಕ.